ಎಡಗೈಯ ಅಂಚು

ಕೊರೋನಾ ಲಸಿಕೆ ಹಾಕಿಸಿಕೊಂಡು ಬಂದ ಎರಡು ದಿನಕ್ಕೆ, ಸ್ನಾನ ಮಾಡುವಾಗ, ನನ್ನ ಎಡಗಂಕುಳಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೀರು ತುಂಬಿದ ಚೊಂಬು ಕೈಯಲ್ಲೇ ನಿಂತುಬಿಟ್ಟಿತು. ಮತ್ತೆ ಮುಟ್ಟಿ ನೋಡಿದೆ. ಅವರೆಕಾಳಿಗಿಂತ ದೊಡ್ಡದು, ಒತ್ತಿದರೆ ನೋಯುತ್ತಿತ್ತು. ನೋವಿದೆಯಲ್ಲ ಅನ್ನುವುದೇ ಆ ಹೊತ್ತಿಗೆ ದೊಡ್ಡ ಸಮಾಧಾನವಾಗಿತ್ತು. ಚಳ್ಳಕೆರೆಯ ನಮ್ಮ ಓಣಿಯ ಡಾಕ್ಟರು ನನಗಿಂತ ಎಷ್ಟೋ ಚಿಕ್ಕವಳು. ಮುಟ್ಟಿ ನೋಡಿ ನಕ್ಕಳು.

"ಹೆದರಬೇಡಿ ಆಂಟಿ. ಲಸಿಕೆ ಹಾಕಿದ ಕಡೆ ಗ್ರಂಥಿ ಕೆಲಸ ಮಾಡ್ತಾ ಇದೆ, ಅದಕ್ಕೇ ಊದಿದೆ. ಕೆಲಸ ಮುಗಿದ ಮೇಲೆ ತಾನೇ ಇಳಿಯುತ್ತೆ."

ಅವಳು ಹೇಳಿದಂತೆಯೇ ಇಳಿಯಿತು. ಆದರೆ ಇಳಿಯುವ ತನಕ ದಿನಕ್ಕೆ ಎಷ್ಟು ಸಲ ನನ್ನ ಬೆರಳು ಅಲ್ಲಿಗೆ ಹೋಗುತ್ತಿತ್ತೋ, ಅಷ್ಟು ಸಲ ನಾನು ಮೊಳಕಾಲ್ಮೂರಿಗೆ ಹೋಗಿ ಬರುತ್ತಿದ್ದೆ. ಅಲ್ಲಿ ನಾನಿದ್ದದ್ದು ಒಂದೇ ವರ್ಷ. ಆಮೇಲೆ ಎಷ್ಟೋ ಊರು ಕಂಡಿದ್ದೇನೆ, ಯಾವ ಊರೂ ಹಾಗೆ ಮೈಯೊಳಗೆ ಉಳಿದಿಲ್ಲ.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಚಳ್ಳಕೆರೆಯ ಎಣ್ಣೆಮಿಲ್ಲುಗಳ ಓಣಿಯಲ್ಲಿ, ಕಡಲೆಹಿಂಡಿಯ ವಾಸನೆಯಲ್ಲೇ ಬೆಳೆದವಳು. ಪಿಯುಸಿ ಸೈನ್ಸ್ ಮುಗಿಸಿದ್ದೆ, ನರ್ಸಿಂಗ್ ಓದಬೇಕು ಅನ್ನುವ ಆಸೆಯಿತ್ತು. ಅಷ್ಟರಲ್ಲಿ ಮದುವೆಯಾಯಿತು. ನನ್ನ ಗಂಡ ಹಿರಿಯೂರಿನ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಮೇಷ್ಟ್ರು. ಅಲ್ಲಿ ಸರಿಯಾದ ಮನೆ ಸಿಗುವ ತನಕ ಅಂತ ನನ್ನನ್ನು ಮೊಳಕಾಲ್ಮೂರಿನ ತಮ್ಮ ಅಣ್ಣನ ಮನೆಯಲ್ಲಿ ಬಿಟ್ಟರು. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು.

ಆ ಮನೆಯಲ್ಲಿದ್ದವರು ಇಬ್ಬರೇ. ನನ್ನ ಭಾವ ಅಂಜಿನಪ್ಪ, ಅವರ ಹೆಂಡತಿ ನಾಗವೇಣಿ. ಓಣಿಯವರೆಲ್ಲ ಆಕೆಯನ್ನು ವೇಣಕ್ಕ ಅನ್ನುತ್ತಿದ್ದರು, ನಾನೂ ಅಕ್ಕ ಅಂದೆ. ಅವರ ಒಬ್ಬಳೇ ಮಗಳನ್ನು ಧರ್ಮಾವರಕ್ಕೆ ಕೊಟ್ಟಿದ್ದರು. ಮನೆಯಲ್ಲಿ ತೆಲುಗೂ ಕನ್ನಡವೂ ಕಲಸಿಕೊಂಡೇ ಇರುತ್ತಿದ್ದವು. ಭಾವನಿಗೆ ಸಿಟ್ಟು ಬಂದರೆ, ಇಲ್ಲವೇ ಪ್ರೀತಿ ಬಂದರೆ ತೆಲುಗು. ಉಳಿದ ಹೊತ್ತಿನಲ್ಲಿ ಮಾತೇ ಕಡಿಮೆ.

ನಡುಮನೆಯಲ್ಲಿ ಗುಣಿ ಮಗ್ಗ. ನೆಲದಲ್ಲಿ ಗುಣಿ ತೋಡಿ, ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ನೇಯುವ ರೇಷ್ಮೆ ಮಗ್ಗ. ಅದರ ಉದ್ದಕ್ಕೆ ಬಿಗಿದ ಎಳೆಗಳೇ ಹಾಸು; ಒಂದು ಹಾಸಿನಲ್ಲಿ ಕೆಲವು ಸೀರೆ ಬರುತ್ತವೆ. ಅವರು ನೇಯುತ್ತಿದ್ದ ಸೀರೆಗೆ ಮೈ ಒಂದು ಬಣ್ಣವಾದರೆ ಒಂದು ಬದಿಯ ದೊಡ್ಡ ಅಂಚು ಇನ್ನೊಂದು ಬಣ್ಣ. ಅಂಥ ಸೀರೆಯನ್ನು ಒಬ್ಬರೇ ನೇಯಲಾಗುವುದಿಲ್ಲ. ಮೈಯ ಲಾಳಿ ಭಾವನ ಕೈಯಲ್ಲಿ. ಅವರ ಬಲಗಡೆ ವೇಣಕ್ಕ ಕೂತು ಬಲಗೈಯಿಂದ ಅಂಚಿನ ಲಾಳಿ ಎಸೆಯುತ್ತಿದ್ದಳು. ಎರಡು ಎಳೆ ಸೇರುವ ಕಡೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳಬೇಕು, ಆಮೇಲೆ ಭಾವ ಹಲಗೆ ಬಡಿದು ಎಳೆಯನ್ನು ಒತ್ತಿ ಕೂರಿಸಬೇಕು. ಇಷ್ಟು ಆದರೆ ಸೀರೆ ಒಂದು ಎಳೆಯಷ್ಟು ಬೆಳೆಯುತ್ತದೆ. ಮದುವೆಯಾದಾಗಿನಿಂದ ಅವರಿಬ್ಬರೂ ಹೀಗೆ ಪಕ್ಕಪಕ್ಕದಲ್ಲಿ ಕೂತು ಬಂದವರು. ಅಕ್ಕ ಕೆಮ್ಮಿದರೆ ಭಾವನ ಲಾಳಿ ನಿಲ್ಲುತ್ತಿತ್ತು. ಇಬ್ಬರಿಗೂ ಜಗಳವಾದ ದಿನ ಹಲಗೆಯ ಸದ್ದೇ ಬೇರೆಯಿರುತ್ತಿತ್ತು, ಆ ಸದ್ದು ಕೇಳಿ ಎದುರುಮನೆಯವರು ನನ್ನನ್ನು "ಏನಮ್ಮಾ, ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಗಿತ್ತಾ?" ಅಂತ ಕೇಳುತ್ತಿದ್ದರು.

ಯುಗಾದಿ ಬಂತು. ಬಿಸಿಲು ಆಗಲೇ ಸುತ್ತಲಿನ ಬೆಟ್ಟದ ಬಂಡೆಗಳಿಂದ ಊರಿನ ಮೇಲೆ ಇಳಿಯುತ್ತಿತ್ತು. ಬಚ್ಚಲ ಹಂಡೆಯಲ್ಲಿ ಬೇವಿನ ಎಲೆ ಹಾಕಿದ ನೀರು. ಅಕ್ಕ ಮೊದಲು ನನಗೆ ಎಣ್ಣೆ ಹಚ್ಚಿ ನೀರು ಹಾಕಿದಳು, ಆಮೇಲೆ ನನ್ನನ್ನು ಬೆನ್ನು ತಿಕ್ಕಲು ಕರೆದಳು. ಎಣ್ಣೆಗೈ ಜಾರಿ ಬಲಗಂಕುಳ ಹತ್ತಿರ ಹೋದಾಗ ಸಿಕ್ಕಿತು. ಹುಣಸೆಬೀಜದಂತೆ ಗಟ್ಟಿ.

"ಅಕ್ಕಾ, ಇದೇನಿದು?"

"ಗೆಡ್ಡೆ ಕಣೇ. ಹೋದ ತಿಂಗಳು ರೇಷ್ಮೆ ಎಳೆ ಬೆರಳು ಕೊಯ್ದಿತ್ತು. ಕೈಗೆ ಗಾಯ ಆದ್ರೆ ಕಂಕುಳಾಗೆ ಗೆಡ್ಡೆ ಕಟ್ಟಲ್ವಾ? ಹೋಗ್ತೈತೆ ಬಿಡು."

ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗೆಡ್ಡೆ ಕಟ್ಟುವುದು ಯಾರಿಗೆ ಗೊತ್ತಿಲ್ಲ? ಕಾಲೇಜಿನಲ್ಲಿ ನಮ್ಮ ಬಯಾಲಜಿ ಮೇಡಂ ಬೋರ್ಡಿನ ಮೇಲೆ ಮನುಷ್ಯನ ಮೈಯ ಗೆರೆ ಎಳೆದು, ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಹಸಿರು ಚುಕ್ಕಿ ಇಟ್ಟಿದ್ದರು. ಅವು ದುಗ್ಧರಸ ಗ್ರಂಥಿಗಳು. ಗಾಯದಿಂದ ಬಂದ ಕ್ರಿಮಿಯನ್ನು ಅವು ತಡೆಯುತ್ತವೆ, ತಡೆಯುವಾಗ ಊದುತ್ತವೆ, ನೋಯುತ್ತವೆ. ಇವೆಲ್ಲ ನನಗೆ ನೆನಪಿದ್ದವು. ಅದಕ್ಕೇ ಅಕ್ಕನ ಕೈ ಹಿಡಿದು ಬೆರಳೊಂದೊಂದನ್ನೂ ತಿರುಗಿಸಿ ನೋಡಿದೆ. ಗಾಯ ಎಂದೋ ಮಾಗಿ ಚರ್ಮ ನುಣುಪಾಗಿತ್ತು.

"ಮುಟ್ಟಿದ್ರೆ ನೋಯ್ತೈತಾ?"

"ಇಲ್ಲ. ಅದಕ್ಕೇ ಹೇಳಿದ್ದು, ಏನಿಲ್ಲ ಅಂತ."

ನೋವಿಲ್ಲ ಅನ್ನುವುದೇ ನನಗೆ ಸರಿಬರಲಿಲ್ಲ. ಯುಗಾದಿ ಕಳೆದು ಎರಡು ವಾರವಾದರೂ ಅದು ಇಳಿಯಲಿಲ್ಲ, ಜೊತೆಗೆ ಇನ್ನೊಂದು ಸಿಕ್ಕಿತು. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಬಿಡದೆ, ಎದೆಯನ್ನೂ ಮುಟ್ಟಿ ನೋಡಿದೆ. ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ಅಲ್ಲೂ ಇತ್ತು. ಆಕೆಗೂ ಅದು ಗೊತ್ತಿತ್ತು ಅಂತ ಆ ಮುಚ್ಚಿದ ಕಣ್ಣು ನೋಡಿದ ಮೇಲೆ ನನಗೆ ತಿಳಿಯಿತು.

"ಅವರಿಗೆ ಹೇಳ್ಬ್ಯಾಡ," ಅಂದಳು. "ಹಾಸು ಅರ್ಧ ಐತೆ. ಮುಗೀಲಿ."

ನಾನು ಹೇಳಿದೆ. ಹಾಸು ಮುಗಿಯುವ ತನಕ ಕಾಯಲಿಲ್ಲ. ಭಾವ ಲಾಳಿ ಕೆಳಗಿಟ್ಟು, ಎದ್ದು, ಗೂಟದ ಮೇಲಿದ್ದ ಅಂಗಿ ಹಾಕಿಕೊಂಡರು. ಯಾವ ಬಸ್ಸು, ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳಿದರು.

ರಾಂಪುರದ ಮೇಲೆ ಬಳ್ಳಾರಿಗೆ ಹೋಗುವ ಆ ರಸ್ತೆ ನನಗೆ ಆ ಬೇಸಿಗೆಯಲ್ಲಿ ಬಾಯಿಪಾಠವಾಯಿತು. ಅಲ್ಲಿನ ಆಸ್ಪತ್ರೆಯಲ್ಲಿ ಒಬ್ಬ ಹಿರಿಯ ಲೇಡಿ ಡಾಕ್ಟರು ಇದ್ದರು. ಸೂಜಿ ಹಾಕಿ ಪರೀಕ್ಷೆ ಮಾಡಿಸಿ, ಬಂದ ಸುದ್ದಿಯನ್ನು ಮುಚ್ಚಿಡದೆ ಹೇಳಿದರು. ಎದೆಯಿಂದ ಹೊರಟದ್ದು ಕಂಕುಳಿನ ಗ್ರಂಥಿಗೆ ಬಂದಿದೆ; ಎದೆಯನ್ನೂ ತೆಗೆಯಬೇಕು, ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕು. ಭಾವನಿಗೆ ಅರ್ಥವಾಗಲಿ ಅಂತ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದರು. ಭಾವ ತಲೆ ಆಡಿಸಿದರು. ಹೊರಗೆ ಬಂದು, ಬೇವಿನ ಮರದ ಕೆಳಗೆ ನಿಂತು, ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು.

ಆಪರೇಷನ್ ಆಯಿತು. ಆಮೇಲೆ ಕೆಲವು ತಿಂಗಳು ಬಿಟ್ಟು ಬಿಟ್ಟು ಔಷಧಿ ಏರಿಸಿದರು. ಅಕ್ಕನ ಮೊಣಕಾಲು ಮುಟ್ಟುತ್ತಿದ್ದ ಜಡೆ ಹೋಯಿತು. ಮೊದಲ ಸಲ ಆಸ್ಪತ್ರೆಯಿಂದ ಕಳಿಸುವಾಗ ಆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದರು: "ಈ ಬಲಗೈಗೆ ಇನ್ನು ಮೇಲೆ ಸೂಜಿ ಚುಚ್ಚಿಸಬೇಡ, ಬಿಪಿ ನೋಡಿಸಬೇಡ, ಗಾಯ ಆಗದಂಗೆ ನೋಡ್ಕೋ. ಭಾರ ಎತ್ತೋದು, ಒಂದೇ ಸಮ ಬೀಸೋದು ಬೇಡ. ಕೈ ಊದಬಹುದು."

ಮನೆಗೆ ಬಂದ ಮೇಲೆ ಅಕ್ಕ ಹಗಲೆಲ್ಲ ಪಡಸಾಲೆಯಲ್ಲಿ ಮಲಗಿರುತ್ತಿದ್ದಳು. ಕರೆಂಟು ಹೋದರೆ ನಾನು ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಆಷಾಢದ ಗಾಳಿ ಓಣಿಯ ಧೂಳನ್ನೆಲ್ಲ ತಂದು ಹೊಸ್ತಿಲಿಗೆ ಸುರಿಯುತ್ತಿತ್ತು. ಒಂದು ದಿನ ಆಕೆ ಇದ್ದಕ್ಕಿದ್ದ ಹಾಗೆ ಕೇಳಿದಳು.

"ಕಂಕುಳಾಗಿದ್ದ ಗಂಟೆಲ್ಲ ತೆಗೆದಾಕಿದ್ರಲ್ಲ ಸುಮಿ, ಹಂಗಾದ್ರೆ ಅವು ಬ್ಯಾಡದವೇನು?"

"ಬೇಕಾದವೇ ಅಕ್ಕ. ಕೆಟ್ಟದ್ದು ಮುಂದಕ್ಕೆ ಹೋಗದಂಗೆ ಹಿಡ್ಕಂಡಿದ್ವು. ಹಿಡ್ಕಂಡದ್ದರ ಸಮೇತ ತೆಗೀಬೇಕಾಯ್ತು."

"ಪಾಪ," ಅಂದಳು, ಯಾರೋ ಮನೆಯ ಆಳಿನ ಬಗ್ಗೆ ಹೇಳುವ ಹಾಗೆ. "ಇನ್ನು ಎಲ್ಲೆಲ್ಲಿ ಅವೆ?"

ನಾನು ಆಕೆಯ ಎಡಗೈ ಹಿಡಿದು ಒಂದೊಂದೇ ಜಾಗ ಮುಟ್ಟಿಸಿದೆ. ದವಡೆಯ ಕೆಳಗೆ, ಕಿವಿಯ ಹಿಂದೆ, ಎಡಗಂಕುಳಲ್ಲಿ, ತೊಡೆಸಂದಿಯಲ್ಲಿ. ಗಂಟಲಿನ ಎರಡು ಬದಿಗೂ ಕಿರುನಾಲಿಗೆಯ ಪಕ್ಕ ಟಾನ್ಸಿಲ್ಲು. ಬಾಯಿಂದ ಬರುವುದನ್ನು ಮೊದಲು ಎದುರಿಸುವುದು ಅವೇ. ಎಡಪಕ್ಕೆಯ ಕೆಳಗೆ ಗುಲ್ಮ, ಅದು ರಕ್ತವನ್ನೇ ಸೋಸುತ್ತದೆ, ಮಲೇರಿಯಾ ಬಂದವರಿಗೆ ದಪ್ಪವಾಗುವುದು ಅದೇ.

"ಅವುಗಳೊಳಗೆ ಕಾದಾಡೋ ಕಣ ಇರ್ತಾವಲ್ಲ, ಅವು ಹುಟ್ಟೋದು ಮೂಳೆ ಒಳಗಿನ ಮಜ್ಜೆನಾಗೆ. ಅವುಗಳಾಗೆ ಕೆಲವು ಅಲ್ಲಿಂದ ಇಲ್ಲಿಗೆ ಬರ್ತಾವೆ," ಅಂತ ಎದೆಯ ನಡುಮೂಳೆಯ ಮೇಲೆ ಆಕೆಯ ಬೆರಳು ಇಡಿಸಿದೆ. "ಇದರ ಹಿಂದೆ ಥೈಮಸ್ ಅಂತ ಒಂದೈತೆ. ಯಾರು ನಮ್ಮೋರು, ಯಾರು ಹೊರಗಿನೋರು ಅಂತ ಇಲ್ಲಿ ಕಲ್ತು ಆಮೇಲೆ ಮೈಯೆಲ್ಲ ಓಡಾಡ್ತಾವೆ."

"ನಂಗೂ ಐತಾ ಅದು, ಈಗ?"

"ಚಿಕ್ಕಂದಿನಾಗ ದೊಡ್ಡದಿರ್ತೈತೆ. ವಯಸ್ಸಾದಂಗೆ ಸಣ್ಣಗಾಗ್ತಾ ಹೋಗ್ತೈತೆ. ಕಲ್ತ ಕಣಗಳು ಮಾತ್ರ ಇರ್ತಾವೆ."

ಅಕ್ಕ ಆ ಬೆರಳಿನಿಂದಲೇ ಮೂಳೆಯನ್ನು ಮೆಲ್ಲಗೆ ತಟ್ಟಿ ನೋಡಿದಳು. "ಹಂಗಾದ್ರೆ ಇನ್ನೂ ಬೇಕಾದಷ್ಟು ಅವೆ ಅನ್ನು," ಅಂದಳು ಕೊನೆಗೆ. ಆಪರೇಷನ್ ಆದಮೇಲೆ ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ನಗು ಈಗಲೂ ಕಣ್ಣೆದುರಿಗೇ ಇದೆ. ನರ್ಸಿಂಗ್ ಓದಿ ಎಷ್ಟು ಜನರಿಗೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ನಾನು ಕಲಿತದ್ದು ಒಬ್ಬರಿಗೆ ಉಪಯೋಗವಾಯಿತು ಅನ್ನುವುದು ಆ ಮಧ್ಯಾಹ್ನಕ್ಕೆ ಸಾಕಾಗಿತ್ತು.

ಮಗ್ಗ ಮಾತ್ರ ನಿಂತೇ ಇತ್ತು. ಹಾಸು ಹಾಗೆಯೇ ಬಿಟ್ಟರೆ ರೇಷ್ಮೆ ಧೂಳು ಕುಡಿದು ಕೆಡುತ್ತದೆ. ಭಾವ ಬೇರೆಯವರನ್ನು ಕರೆಯಲಿಲ್ಲ. ಒಂದು ಬೆಳಿಗ್ಗೆ ಅಕ್ಕನೇ ನನ್ನನ್ನು ಕರೆದು, "ನೀನು ಕೂತ್ಕ," ಅಂದಳು.

ಹಾಗೆ ನಾನು ಭಾವನ ಬಲಗಡೆ ಕೂತೆ. ಲಾಳಿ ಎಸೆಯಲು ಅಕ್ಕ ಹಿಂದೆ ನಿಂತು ಕಲಿಸಿದಳು. ಜೋರಾಗಿ ಎಸೆದರೆ ಅಂಚು ಸೆಳೆಯುತ್ತದೆ, ಸಡಿಲ ಬಿಟ್ಟರೆ ಸುರುಳಿ ಬೀಳುತ್ತದೆ. ವಾರ ಕಳೆಯುವ ಹೊತ್ತಿಗೆ ನನ್ನ ಕೈ ಕುದುರಿತು. ಮನೆಯೊಳಗೆ ಮತ್ತೆ ಹಲಗೆಯ ಸದ್ದು ಕೇಳಿ ಓಣಿಯವರಿಗೂ ಸಮಾಧಾನವಾಯಿತು. ಅಕ್ಕ ಮೂಲೆಯಲ್ಲಿ ರಾಟೆ ಇಟ್ಟುಕೊಂಡು ಎಡಗೈಯಲ್ಲಿ ನಿಧಾನಕ್ಕೆ ನಮಗೆ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಅಷ್ಟರಲ್ಲಿ ಆಕೆಯ ಬಲಗೈ ಊದತೊಡಗಿತ್ತು. ಕಂಕುಳಿನ ದಾರಿ ಇಲ್ಲವಾದ್ದರಿಂದ ಕೈಯ ನೀರು ಮೇಲೆ ಹೋಗದೆ ಅಲ್ಲೇ ನಿಲ್ಲುತ್ತಿತ್ತು. ಬಳೆಗಳನ್ನು ಸೋಪು ಹಚ್ಚಿ ತೆಗೆದೆವು. ದಿನಾ ಸಂಜೆ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು, ಬೆರಳಿನಿಂದ ಭುಜದ ಕಡೆಗೆ ನಾನು ಮೆಲ್ಲಗೆ ಸವರಿ, ಪಟ್ಟಿ ಸುತ್ತುತ್ತಿದ್ದೆ.

ನಾನು ಅಕ್ಕನ ಜಾಗದಲ್ಲಿ ಕೂತಿದ್ದೇನೆ ಅನ್ನುವುದು ನನಗೆ ಹೊಳೆದದ್ದು ನಿಧಾನವಾಗಿ. ಒಂದು ದಿನ ಎಳೆ ತಪ್ಪಿ ನಾನು ಅಯ್ಯೋ ಅಂದೆ, ಭಾವ ಅಪರೂಪಕ್ಕೆ ನಕ್ಕುಬಿಟ್ಟರು. ಮೂಲೆಯಲ್ಲಿ ರಾಟೆ ನಿಂತಿತು. ತಿರುಗಿ ನೋಡಿದರೆ ಅಕ್ಕ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಹಿಂದೆ ಹೋದೆ. ಬಚ್ಚಲ ಗೋಡೆಗೆ ಒರಗಿ ನಿಂತಿದ್ದಳು.

"ನಾನು ಇನ್ನ ಕೂರಲ್ಲ ಅಕ್ಕ. ಯಾರನ್ನಾದ್ರೂ ಕರೀಲಿ," ಅಂದೆ.

"ಹುಚ್ಚಿ. ನೀನಲ್ದೆ ಬ್ಯಾರೆ ಯಾರು ಕೂತ್ರೂ ನಂಗೆ ತಡಿಯಕಾಗಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರೂ ಸಂಕಟ ಆಗ್ತೈತೆ ಕಣೇ. ಏನ್ಮಾಡ್ಲಿ?"

ಭಾದ್ರಪದದಲ್ಲಿ ನಾಲ್ಕು ಹನಿ ಮಳೆಯಾಯಿತು. ಗುಣಿಯೊಳಗೆ ತಂಪಿನ ವಾಸನೆ. ಆ ದಿನ ಭಾವ ನೂಲು ತರಲು ಹೋಗಿದ್ದರು, ನಾನು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಮಧ್ಯಾಹ್ನಕ್ಕೆ ಮನೆಗೆ ಬಂದೆ. ಅಕ್ಕ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಾ ಮಲಗಿದ್ದಳು. ಕಂಬಳಿ ಸರಿಸಿದರೆ ಬಲಗೈ ಮೊಣಕೈಯ ತನಕ ಕೆಂಪಗೆ, ಕೆಂಡದ ಹಾಗೆ ಸುಡುತ್ತಿತ್ತು. ತೋರುಬೆರಳಿನ ಬುಡದಲ್ಲಿ ಹೊಸದಾಗಿ ಎಳೆ ಕೊಯ್ದ ಒಂದು ಸಣ್ಣ ಗೀರು.

ಬೇರೆಯವರಿಗಾದರೆ ಅದು ಗಾಯವೇ ಅಲ್ಲ. ಕಂಕುಳಲ್ಲಿ ನಾಲ್ಕು ದಿನ ಗೆಡ್ಡೆ ಕಟ್ಟಿ ಇಳಿದುಹೋಗುತ್ತಿತ್ತು. ಅಕ್ಕನ ಕೈಗೆ ಆ ತಡೆ ಇರಲಿಲ್ಲ. ಎದುರುಮನೆಯವರ ಹುಡುಗನ ಕೈಲಿ ಆಟೋ ತರಿಸಿ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಂಚದ ಎಡಬದಿ ಗೋಡೆಗೆ ತಾಗಿತ್ತು. ನರ್ಸಮ್ಮ ಹತ್ತಿರವಿದ್ದ ಬಲಗೈಯನ್ನೇ ಹಿಡಿದು ಸೂಜಿ ಎತ್ತಿದಳು. ನಾನು ಕೂಗಿಬಿಟ್ಟೆ.

"ಆ ಕೈಗೆ ಬ್ಯಾಡ್ರೀ! ಕಂಕುಳಿನ ಗ್ರಂಥಿ ತೆಗೆದವ್ರೆ!"

ಡಾಕ್ಟರು ಎದ್ದು ಬಂದು ನೋಡಿದರು. ಮಂಚ ಎಳೆಸಿ ಎಡಗೈಗೆ ಹಾಕಿಸಿದರು. "ಬೇಗ ಕರ್ಕೊಂಡು ಬಂದೆಯಮ್ಮ," ಅಂದರು. "ಸಂಜೆ ತನಕ ಬಿಟ್ಟಿದ್ರೆ ನಂಜು ರಕ್ತಕ್ಕೆ ಏರ್ತಿತ್ತು."

ಜ್ವರ ಇಳಿಯಲು ಎರಡು ದಿನ ಹಿಡಿಯಿತು. ಆ ಎರಡು ದಿನ ಭಾವ ಆಸ್ಪತ್ರೆಯ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಮೂರನೆಯ ಬೆಳಿಗ್ಗೆ ಅಕ್ಕ ಗಂಜಿ ಕುಡಿದು, ನನ್ನ ಕೈ ಹಿಡಿದುಕೊಂಡು, ಸಣ್ಣ ದನಿಯಲ್ಲಿ ಹೇಳಿದಳು.

"ಜ್ವರ ಬರೋ ಹಿಂದಿನ ಸಂಜೆ ಮಗ್ಗದಾಗೆ ಕೂತಿದ್ದೆ ಸುಮಿ. ಯಾರೂ ಇರ್ಲಿಲ್ಲ. ನಿನ್ನ ಲಾಳಿ ಅಲ್ಲೇ ಇತ್ತು. ಸುಮ್ನೆ ಒಂದ್ಸಲ ಎಸೀಬೇಕು ಅನ್ಸ್ತು. ಆಮೇಲೆ ನಿಲ್ಸಕಾಗ್ಲಿಲ್ಲ."

ನಾನು ತಲೆ ಎತ್ತಿದರೆ ಬಾಗಿಲಲ್ಲಿ ಭಾವ ಕಾಫಿಯ ಲೋಟ ಹಿಡಿದು ನಿಂತಿದ್ದರು. ಕೇಳಿಸಿಕೊಂಡಿದ್ದರು. ಲೋಟವನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋದರು.

ಮನೆಗೆ ಬಂದ ಮೇಲೆ ಅವರು ಮಗ್ಗದ ಮೇಲಿದ್ದ ಸೀರೆಯನ್ನು ನನ್ನೊಡನೆ ಮುಗಿಸಿದರು. ಹೊಸ ಹಾಸು ಬಂದಿತ್ತು. ಮಗ್ಗದಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಎಳೆ ಒಂದೊಂದಾಗಿ ಗಂಟು ಹಾಕಿ ಮುಂದುವರಿಸುವುದು ರೂಢಿ. ಭಾವ ಹಾಗೆ ಮಾಡಲಿಲ್ಲ. ಹಳೆಯ ಎಳೆಗಳನ್ನು ಕತ್ತರಿಸಿ ಹಾಕಿದರು. ಹಲಗೆ ಬಿಚ್ಚಿದರು. ಅಂಚಿನ ಚಿತ್ತಾರಕ್ಕೆ ಎಳೆ ಎತ್ತಿಕೊಡುವ ಮೇಲಿನ ಜಕಾರ್ಡ್ ಪೆಟ್ಟಿಗೆ ಇಳಿಸಿದರು. ಆಮೇಲೆ ಹಾರೆ ತಂದು ನೆಲದಲ್ಲಿ ಹೂತಿದ್ದ ಮಗ್ಗದ ಕಂಬಗಳನ್ನು ಕೀಳತೊಡಗಿದರು.

ಅವರು ಮಗ್ಗ ಮಾರಿಬಿಡುತ್ತಾರೆ ಅಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಳು. ಆ ದಿನ ಊಟಕ್ಕೆ ಕರೆದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. "ನನ್ನಿಂದಲೇ ಆಗಿದ್ದು. ಹಿರೇರ ಕಾಲದ ಮಗ್ಗ," ಅಂತ ಅತ್ತಳು. ನನ್ನ ಗಂಡ ಶನಿವಾರ ಬಂದವರು ಅಣ್ಣನನ್ನು ಕೇಳಿದರು. "ಏನಣ್ಣ, ಕೊಡ್ತೀಯಾ ಹೆಂಗೆ?" ಭಾವ ಹಾರೆ ನಿಲ್ಲಿಸದೆ, "ಮಣ್ಣು ಹೊರಗೆ ಹಾಕು ಬಾ," ಅಂದರು ಅಷ್ಟೆ.

ಅಣ್ಣತಮ್ಮ ಇಬ್ಬರೂ ಸೇರಿ ಗುಣಿಯನ್ನು ಅಗಲ ಮಾಡಿದರು. ಅಲ್ಲಿತನಕ ಮಗ್ಗದ ಎಡಬದಿ ಗೋಡೆಗೆ ಅಂಟಿಕೊಂಡಿತ್ತು, ಆ ಕಡೆ ಒಂದು ಬೆಕ್ಕೂ ಕೂರುವಷ್ಟು ಜಾಗವಿರಲಿಲ್ಲ. ಕಂಬಗಳನ್ನು ಗೋಡೆಯಿಂದ ದೂರಕ್ಕೆ ತಂದು ಹೂತರು. ಆಮೇಲೆ ಭಾವ ಒಬ್ಬರೇ ಕೂತು ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸದಾಗಿ ಪೋಣಿಸಿದರು. ಓಣಿಯವರು ಬಂದು ಬಂದು ನೋಡಿ ಹೋದರು. "ಲೇ ಅಂಜಿನಿ, ಇಷ್ಟು ದಿನ ನೆಯ್ಗೆ ನಿಲ್ಸಿ ಇದೇನು ಮಾಡ್ತಿದೀಯಾ?" ಅಂತ ಒಬ್ಬ ಗೆಳೆಯ ರೇಗಿಸಿದ. ಭಾವ ಎಳೆಯಿಂದ ಕಣ್ಣು ತೆಗೆಯಲಿಲ್ಲ.

ಎಲ್ಲ ಮುಗಿದ ಬೆಳಿಗ್ಗೆ ಅವರು ಕೈಕಾಲು ತೊಳೆದು ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟರು. ತಮ್ಮ ಜಾಗದ ಎಡಗಡೆ ಒಂದು ಮಡಿಚಿದ ಗೋಣಿಚೀಲ ಹಾಕಿ, ಅದರ ಮೇಲೆ ಹಳೆಯ ಸೀರೆ ಹಾಸಿದರು. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು.

"ಬಾ. ಕೂತ್ಕ," ಅಂದರು.

ಅಕ್ಕನಿಗೆ ಅರ್ಥವಾಗಲಿಲ್ಲ. ನನಗೂ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹಾಸು ನೋಡಿದೆ. ಯಾವಾಗಲೂ ಬಲಗಡೆ ಇರುತ್ತಿದ್ದ ದೊಡ್ಡ ಅಂಚಿನ ಎಳೆಗಳು ಎಡಗಡೆಗೆ ಬಂದಿದ್ದವು.

"ಎಡಗೈ ಐತಲ್ಲ," ಅಂದರು ಭಾವ.

ಅಕ್ಕ ಹೋಗಿ ಕೂತಳು. ಊದಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡಳು. ಎಡಗೈಗೆ ಲಾಳಿ ಕೊಟ್ಟಾಗ ಆಕೆಯ ಕಣ್ಣಿಂದ ನೀರು ಒಂದೇ ಸಮ ಇಳಿಯುತ್ತಿತ್ತು. ಭಾವ ಹಾಸಿನ ಮೇಲೆ ಕೈ ಅಡ್ಡ ಹಿಡಿದು, "ಏಡವಕು," ಅಂದರು. ಅಳಬೇಡ ಅಂತ. "ರೇಷ್ಮೆ ಮೇಲೆ ಬೀಳ್ತೈತೆ." ಅಕ್ಕ ಅಳುತ್ತಲೇ ನಕ್ಕಳು.

ಎಡಗೈ ಸುಲಭಕ್ಕೆ ಬಗ್ಗಲಿಲ್ಲ. ಲಾಳಿ ಅರ್ಧಕ್ಕೇ ನಿಲ್ಲುತ್ತಿತ್ತು, ಗುಣಿಗೆ ಬೀಳುತ್ತಿತ್ತು. ಭಾವ ಬಗ್ಗಿ ಎತ್ತಿಕೊಡುತ್ತಿದ್ದರು. ಸ್ವಲ್ಪ ಹೊತ್ತು ನೇಯ್ದು ಅಕ್ಕ ಏಳಬೇಕು, ಕೈ ಎತ್ತಿಟ್ಟು ಮಲಗಬೇಕು ಅಂತ ನಾನು ಕಟ್ಟುನಿಟ್ಟು ಮಾಡಿದ್ದೆ. ಎದ್ದ ಹೊತ್ತಿಗೆ ಭಾವನೂ ಏಳುತ್ತಿದ್ದರು. ನಾನು ಕೂರುತ್ತೇನೆ ಅಂದರೆ "ಬ್ಯಾಡಮ್ಮ" ಅನ್ನುತ್ತಿದ್ದರು. ಆ ಸೀರೆಗೆ ಇನ್ನೊಬ್ಬರ ಕೈ ಬೀಳಲಿಲ್ಲ. ಕಾರ್ತಿಕದಲ್ಲಿ ಒಂದು ಸಂಜೆ, ನಲ್ಲಿಯಿಂದ ನೀರು ಹೊತ್ತು ಬರುತ್ತಿದ್ದೆ. ಓಣಿಯ ತಿರುವಿಗೇ ಮಗ್ಗದ ಸದ್ದು ಕೇಳಿಸಿತು. ಲಾಳಿ, ಲಾಳಿ, ಹಲಗೆ. ನಡುವೆ ತಡವರಿಕೆ ಇರಲಿಲ್ಲ. ಕೊಡ ಇಳಿಸದೆ ಅಲ್ಲೇ ನಿಂತು ಕೇಳಿದೆ. ಎದುರುಮನೆಯವರೂ ಬಾಗಿಲಿಗೆ ಬಂದು ನಿಂತಿದ್ದರು. ಅವತ್ತು ಯಾರೂ ಏನೂ ರೇಗಿಸಲಿಲ್ಲ.

ಮುಂದಿನ ಯುಗಾದಿ ಹೊತ್ತಿಗೆ ನನ್ನ ಗಂಡನಿಗೆ ಚಳ್ಳಕೆರೆಗೇ ವರ್ಗವಾಯಿತು. ನಾನು ಹೊರಡುವಾಗ ಅಕ್ಕ ಕೈಗೆ ಪಟ್ಟಿ ಸುತ್ತುವುದನ್ನು ಭಾವನಿಗೆ ಕಲಿಸಿಕೊಡು ಅಂದಳು. ಕಲಿಸಿದೆ. ಎಳೆ ಪೋಣಿಸುವ ಬೆರಳುಗಳಿಗೆ ಅದು ಒಂದೇ ಸಲಕ್ಕೆ ಬಂತು.

ಆಮೇಲೆ ಐದಾರು ವರ್ಷ ಅವರಿಬ್ಬರೂ ಹಾಗೇ ನೇಯ್ದರು. ನನ್ನ ಮಗಳು ಹುಟ್ಟಿದಾಗ ಅಕ್ಕ ಬಂದು ಎಡಗೈಯಲ್ಲೇ ಮಗುವಿಗೆ ನೀರು ಹಾಕಿದಳು. ಆಮೇಲೆ ಕಾಯಿಲೆ ಮತ್ತೆ ಬಂತು, ಈ ಸಲ ಬೆನ್ನುಮೂಳೆಗೆ. ಬಳ್ಳಾರಿಯ ಆ ಡಾಕ್ಟರು ಇನ್ನು ನೋವು ಕಡಿಮೆ ಮಾಡುವುದಷ್ಟೇ ಅಂದರು. ನಾನು ಹೋಗಿ ಕೆಲವು ವಾರ ಇದ್ದೆ. ಕೂರಲು ಆಗುವ ತನಕ ಅಕ್ಕ ಮಗ್ಗ ಬಿಡಲಿಲ್ಲ. ಆಮೇಲೆ ಮಗ್ಗದ ಪಕ್ಕದಲ್ಲೇ ಹಾಸಿಗೆ ಹಾಕಿಸಿಕೊಂಡಳು. ಒಂದು ಬೇಸಿಗೆಯ ಮುಂಜಾನೆ ಹೋದಳು.

ಕಾರ್ಯವೆಲ್ಲ ಮುಗಿದ ಮೇಲೆ ನೆಂಟರು ಹೊರಟರು. ಮಗಳು ಧರ್ಮಾವರಕ್ಕೆ ಬಾ ಅಂತ ಅಪ್ಪನನ್ನು ಕರೆದಳು, ಅವರೂ ಒಪ್ಪಿದರು. ಮಗ್ಗದ ಮೇಲೆ ಒಂದು ಸೀರೆ ಮುಕ್ಕಾಲು ನೇಯ್ದು ನಿಂತಿತ್ತು. ಕಡುನೀಲಿ ಮೈ, ಕುಂಕುಮ ಬಣ್ಣದ ಅಂಚು. ಭಾವ ಅದರ ಮೇಲೆ ಹೊದಿಸಿದ್ದ ಬಟ್ಟೆ ತೆಗೆದು ನನ್ನನ್ನು ನೋಡಿದರು.

"ಸುಮಿತ್ರಾ, ಕೂತ್ಕಳಮ್ಮ. ಇದನ್ನ ಮುಗಿಸಾನ."

ನಾನು ಅಕ್ಕನ ಎಡಗಡೆಯ ಜಾಗದಲ್ಲಿ ಕೂತೆ. ನನ್ನ ಎಡಗೈಗೆ ಅಭ್ಯಾಸವಿರಲಿಲ್ಲ. ಎಷ್ಟು ಎಚ್ಚರ ವಹಿಸಿದರೂ ಅಂಚು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಲಾಳಿ ಬಿದ್ದಾಗ ಭಾವ ಬಗ್ಗಿ ಎತ್ತಿಕೊಟ್ಟರು. ಸೆರಗು ಮುಗಿದ ದಿನ ಸೀರೆಯನ್ನು ಕತ್ತರಿಸಿ ಮಡಿಚಿದರು. ಅದನ್ನು ಅವರು ಇಟ್ಟುಕೊಳ್ಳುತ್ತಾರೆ, ಇಲ್ಲವೇ ಮಗಳಿಗೆ ಕೊಡುತ್ತಾರೆ ಅಂದುಕೊಂಡಿದ್ದೆ. ಆದರೆ ಮರುದಿನ, ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾವುಕಾರರು ಬಂದಾಗ ಉಳಿದ ಸೀರೆಗಳ ಜೊತೆಯಲ್ಲೇ ಅದನ್ನೂ ಕೊಟ್ಟರು.

"ಕೊಟ್ಟುಬಿಟ್ಟಿರಾ ಭಾವ?" ಅಂತ ಕೇಳಿದೆ.

"ಪೆಟ್ಟಿಗೆನಾಗಿಟ್ರೆ ಹುಳ ತಿಂತಾವೆ," ಅಂದರು. "ಯಾರಾದ್ರೂ ಉಟ್ಕಳ್ಲಿ. ಅವಳು ನೆಯ್ದಿದ್ದು ಉಡೋಕೆ ಅಲ್ವಾ?"

ಸಾವುಕಾರರು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ಏನೂ ಕಾಣಿಸಲಿಲ್ಲ. ನನಗೆ ಮಾತ್ರ ಆ ಜಾಗ ಗೊತ್ತು. ಸೆರಗಿಗಿಂತ ಸ್ವಲ್ಪ ಮುಂಚೆ, ಕುಂಕುಮದ ಅಂಚಿನಲ್ಲಿ, ಒಂದೇ ಸಮ ಬಂದ ನೇಯ್ಗೆ ಎಳೆಯಷ್ಟು ಅಲುಗುತ್ತದೆ. ಅಲ್ಲಿಗೆ ಅಕ್ಕನ ಕೈ ಮುಗಿದು ನನ್ನದು ಶುರುವಾಗುತ್ತದೆ.

ಚಳ್ಳಕೆರೆಯಲ್ಲಿ ಮದುವೆಗಳಿಗೆ ಹೋದಾಗ ನಾನು ಊಟದ ಸಾಲಿನಲ್ಲಿ ಬೇಗ ಕೂರುವುದಿಲ್ಲ. ನೀಲಿ ಸೀರೆ ಉಟ್ಟ ಹೆಂಗಸು ಯಾರಾದರೂ ಕಂಡರೆ, ಮಾತಾಡಿಸುವ ನೆಪದಲ್ಲಿ ಹತ್ತಿರ ಹೋಗಿ ಅಂಚು ನೋಡುತ್ತೇನೆ. ಇನ್ನೂ ಸಿಕ್ಕಿಲ್ಲ.